ಕಾರಿಗೆ ಕಡಿಮೆ ಬೆಲೆಯ ಜಿಪಿಎಸ್

ಪ್ರಶ್ನೆ: ಕಾರಿಗೆ ದಾರಿ ತೋರಿಸುವ ಜಿಪಿಎಸ್ ಸಾಧನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಅಗ್ಗದ ಸಾಧನಗಳನ್ನು ನಂಬಬಹುದೇ? ಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ: ಧಾರಾಳವಾಗಿ ನಂಬಬಹುದು. ಉಪಗ್ರಹಗಳ ಸಂಕೇತ ಎಲ್ಲರಿಗೂ ಉಚಿತ; ಸುಮಾರು 20,200 ಕಿ.ಮೀ. ಎತ್ತರದಿಂದ ಬರುವ ಆ ಸಂಕೇತವನ್ನು ಕನಿಷ್ಠ 4 ಉಪಗ್ರಹಗಳಿಂದ ಪಡೆದು ನೀವಿರುವ ಸ್ಥಾನವನ್ನು ಲೆಕ್ಕಹಾಕುವ ಕೆಲಸವನ್ನು ಅಗ್ಗದ ಸಾಧನವೂ ಚೆನ್ನಾಗಿಯೇ ಮಾಡುತ್ತದೆ. ತೊಡಕು ಬರುವುದು ನಕ್ಷೆಯಲ್ಲಿ. ಹೊಸದಾಗಿ ಕಟ್ಟಿದ ಮೇಲ್ಸೇತುವೆಯೋ ಏಕಮುಖ ಸಂಚಾರಕ್ಕೆ ಬದಲಾದ ರಸ್ತೆಯೋ ನಕ್ಷೆಗೆ ಸೇರದಿದ್ದರೆ, ಸಾಧನವು ನಿಮ್ಮ ಜಾಗವನ್ನು ಸರಿಯಾಗಿ ಗುರುತಿಸಿಯೂ ತಪ್ಪು ತಿರುವಿಗೆ ಕಳುಹಿಸುತ್ತದೆ. ಆದ್ದರಿಂದ ನಕ್ಷೆಯ ಅಪ್‌ಡೇಟ್ ಉಚಿತವೇ, ಎಷ್ಟು ಕಾಲದವರೆಗೆ ಎಂಬುದನ್ನು ಮೊದಲು ವಿಚಾರಿಸಿ. ‘ಜೀವಾವಧಿ’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಸಾಧನದ ಆಯಸ್ಸೇ ಹೊರತು ನಿಮ್ಮದಲ್ಲ!

ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಅಥವಾ ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನೂ ಬಳಸುವ ಸಾಧನವು ಎತ್ತರದ ಕಟ್ಟಡಗಳ ನಡುವೆ ಹೆಚ್ಚು ನೆರವಾಗುತ್ತದೆ. ಪರದೆ 5 ಅಂಗುಲವಿದ್ದರೆ ಸಾಕು. ಬಿಸಿಲಿನಲ್ಲೂ ಅದನ್ನು ಓದಲು ಸಾಧ್ಯವೇ ಎಂಬುದನ್ನು ಅಂಗಡಿಯ ಹೊರಗೆ ಹಿಡಿದು ನೋಡಿ. ಕಾರಿನ ಮುಂಗಾಜಿಗೆ ಲೋಹದ ತೆಳು ಲೇಪನವಿದ್ದರೆ ಸಂಕೇತ ಕುಂದಬಹುದು.

ನಿಮ್ಮ ಬಳಿ ಸ್ಮಾರ್ಟ್‌ಫೋನ್ ಇದ್ದರೆ, ಆಫ್‌ಲೈನ್ ನಕ್ಷೆಯನ್ನು ಇಳಿಸಿಕೊಂಡು ಗಟ್ಟಿಯಾದ ಮೊಬೈಲ್ ಹೋಲ್ಡರ್ ಒಂದನ್ನು ಕೊಳ್ಳುವುದೇ ಎಲ್ಲಕ್ಕಿಂತ ಅಗ್ಗವೆಂದು ನನ್ನ ಅಭಿಪ್ರಾಯ.