ಬಿಸಿಯಾದ ಮೇಲೆ ಮುಗ್ಗರಿಸುವ ಎಂಜಿಬಿ

ಪ್ರಶ್ನೆ: ನನ್ನ ಬಳಿ 1971ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು) ಇದೆ. ತಣ್ಣಗಿರುವಾಗ ಚೆನ್ನಾಗಿ ಓಡುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ಮಿಸ್ಸಿಂಗ್ ಶುರುವಾಗಿ, ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬರುತ್ತದೆ. ಏರು ಹತ್ತುವುದೇ ಇಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಹೊಸ ಪ್ಲಗ್, ಪಾಯಿಂಟ್, ಕಂಡೆನ್ಸರ್ ಹಾಕಿದ್ದೇನೆ. ಎರಡೂ ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದೇನೆ. ಇನ್ನೇನು ನೋಡಲಿ?
– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ದಯವಿಟ್ಟು ಕಾರ್ಬ್ಯುರೇಟರ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಬಿಸಿಯಾಗುವವರೆಗೆ ಸುಮ್ಮನಿದ್ದು ಆಮೇಲೆ ಕೈಕೊಡುವುದು ಹೆಚ್ಚಾಗಿ ಕಿಡಿ ಹುಟ್ಟಿಸುವ ಭಾಗಗಳ ಚಾಳಿ. ಹೊಸದೆಂದು ನೀವು ಅನುಮಾನಿಸದೆ ಬಿಟ್ಟಿರುವ ಕಂಡೆನ್ಸರ್ ಮೇಲೆಯೇ ನನ್ನ ಕಣ್ಣು. (ಪಾಯಿಂಟ್ ಎಂದರೆ ಕಾಯಿಲ್‌ಗೆ ಹೋಗುವ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು, ಕಂಡೆನ್ಸರ್ ಅದಕ್ಕೆ ಜೋಡಿ.) ಈಗ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಂಡೆನ್ಸರ್ ಮತ್ತು ರೋಟರ್‌ಗಳನ್ನು ಹಳೆಯ ಕಾರಿನವರು ಶಪಿಸುವುದು ಸುಮ್ಮನೆ ಅಲ್ಲ.

ಆದರೂ ಊಹೆಯ ಮೇಲೆ ಇನ್ನೊಂದು ಭಾಗ ಕೊಳ್ಳಬೇಡಿ. ತೊಂದರೆ ಕಾಣಿಸಿಕೊಂಡಿರುವಾಗಲೇ ಪರೀಕ್ಷಿಸಬೇಕು. ತಣಿದ ಎಂಜಿನ್ ನಿಮಗೆ ಏನನ್ನೂ ಹೇಳುವುದಿಲ್ಲ. ಮೊದಲು, ಓಡಿಸುತ್ತಿರುವಾಗಲೇ ಆರ್‌ಪಿಎಂ ಮೀಟರಿನ ಮೇಲೊಂದು ಕಣ್ಣಿಡಿ. ನಿಮ್ಮ ಕಾರಿನ ಮೀಟರು ಎಲೆಕ್ಟ್ರಾನಿಕ್. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನ ಪ್ರೈಮರಿ ಸರ್ಕ್ಯೂಟ್‌ನಿಂದಲೇ (ಬ್ಯಾಟರಿ ಕಡೆಯ ವೈರಿಂಗ್) ಲೆಕ್ಕ ಹಿಡಿಯುತ್ತದೆ. ಎಂಜಿನ್ ಮುಗ್ಗರಿಸಿದಾಗ ಮುಳ್ಳೂ ಹುಚ್ಚೆದ್ದು ಕುಣಿದರೆ ದೋಷ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಅಥವಾ ಅವುಗಳ ಸಣ್ಣ ವೈರುಗಳಲ್ಲಿದೆ.

ಆಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸದೆ, ಪ್ರತಿ ಕಿಡಿಗೂ ಮಿನುಗುವ ಟೈಮಿಂಗ್ ಲೈಟಿನ ಕ್ಲಿಪ್ಪನ್ನು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಹೋಗುವ ದಪ್ಪ ವೈರಿಗೆ ಸಿಕ್ಕಿಸಿ. ಬೆಳಕು ತಪ್ಪಿ ತಪ್ಪಿ ಮಿನುಗಿದರೆ ಮೇಲೆ ಹೇಳಿದ ಭಾಗಗಳೇ ಅಪರಾಧಿಗಳು. ಅಲ್ಲಿ ಸರಿಯಾಗಿದ್ದು ಪ್ಲಗ್ ವೈರುಗಳಲ್ಲಿ ತಪ್ಪುತ್ತಿದ್ದರೆ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಅದರ ಮೇಲಿನ ಕ್ಯಾಪ್ ಅಥವಾ ಆ ವೈರುಗಳನ್ನೇ ನೋಡಿ. ಎಲ್ಲೆಡೆಯೂ ಬೆಳಕು ತಪ್ಪದೆ ಬಂದರೆ ಪೆಟ್ರೋಲಿನ ಕಡೆ ತಿರುಗಬಹುದು: ಚೋಕನ್ನು ಸ್ವಲ್ಪ ಎಳೆದಾಗ ಎಂಜಿನ್ ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆಳೆದರೆ ಅದರ ಉಸಿರುಗಂಡಿ ಕಟ್ಟಿಕೊಂಡಿದೆ.

ಕಂಡೆನ್ಸರ್ ಪರೀಕ್ಷೆಗೆ ಎಂಜಿನ್ ಆರಿಸಿ, ಬಿಸಿ ಇರುವಾಗಲೇ ಕ್ಯಾಪ್ ತೆಗೆಯಿರಿ. ಪಾಯಿಂಟ್‌ಗಳು ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿ, ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಅವನ್ನು ಪಟ್ಟನೆ ಬಿಡಿಸಿ. ಸಣ್ಣ ಕಿಡಿ ಸಹಜ. ದಪ್ಪ ನೀಲಿ ಕಿಡಿ ಹಾರಿದರೆ ಕಂಡೆನ್ಸರ್ ಸತ್ತಿದೆ: ಅದು ಹೀರಿಕೊಳ್ಳಬೇಕಾದ ಕರೆಂಟ್ ಪಾಯಿಂಟ್‌ಗಳ ನಡುವೆ ಉರಿದುಹೋಗಿ, ಕಾಯಿಲ್‌ನಿಂದ ಬರುವ ಕಿಡಿ ಬಡವಾಗುತ್ತದೆ. ಪಾಯಿಂಟ್‌ಗಳ ತುದಿ ಕಪ್ಪಾಗಿ ಸುಟ್ಟಿರುವುದೂ ಅದೇ ಕಥೆ. ಹಾಗಿದ್ದರೆ ಬದಲಿಸಿ, ಪಾಯಿಂಟ್‌ಗಳ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಲಿ.

ಅಲ್ಲೇ ಇರುವಾಗ ಪಾಯಿಂಟ್ ಕೂರುವ ತಟ್ಟೆಯ ಪುಟ್ಟ ಅರ್ತ್ ವೈರನ್ನು ಮೆಲ್ಲಗೆ ಎಳೆದು ನೋಡಿ. ಕಿಡಿಯ ಸಮಯ ಬದಲಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಆ ತಟ್ಟೆಯನ್ನು ತಿರುಗಿಸುತ್ತಲೇ ಇರುವುದರಿಂದ ಅದು ಮೇಲಿನ ಹೊದಿಕೆ ಹಾಗೆಯೇ ಇದ್ದು ಒಳಗೇ ತುಂಡಾಗಿರುತ್ತದೆ. ಎಷ್ಟೋ ಮಂದಿಯ ಕಣ್ಣಿಗೆ ಬೀಳದ ದೋಷವಿದು.

ಕಾಯಿಲ್‌ನ ಎರಡು ಸಣ್ಣ ವೈರು ಬಿಡಿಸಿ ಮಲ್ಟಿಮೀಟರ್ ಇಟ್ಟರೆ ಸುಮಾರು 3 ಓಮ್ ತೋರಿಸಬೇಕು. 1.5ರ ಆಸುಪಾಸು ತೋರಿಸಿದರೆ, ಆಮೇಲಿನ ರಬ್ಬರ್ ಬಂಪರ್ ಕಾರುಗಳಿಗೆ ಹೊಂದುವ, ಕರೆಂಟ್ ತಗ್ಗಿಸುವ ವೈರಿನ ಜೊತೆಗೇ ಬಳಸಬೇಕಾದ ಬ್ಯಾಲಸ್ಟ್ ಕಾಯಿಲನ್ನು ಯಾರೋ ಹಾಕಿದ್ದಾರೆ. ನಿಮ್ಮ ಕಾರಿನಲ್ಲಿ ಅದು ಕೆಂಡದಂತೆ ಕಾದು ಪಾಯಿಂಟ್‌ಗಳನ್ನೂ ಸುಡುತ್ತದೆ.

ಅಂದ ಹಾಗೆ, ನಿಮ್ಮ 1798 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ದಾಯಾದಿ. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸರಣಿಯವು. ಊರಿನಲ್ಲಿ ಹಳೆಯ ಅಂಬಾಸಿಡರ್ ಮೆಕ್ಯಾನಿಕ್ ಪರಿಚಯವಿದ್ದರೆ ಫೋನಿನಲ್ಲಿ ಸದ್ದು ಕೇಳಿಸಿ. ಅವರೂ ಮೊದಲು ಕ್ಯಾಪ್ ತೆಗೆಯಲು ಹೇಳುತ್ತಾರೆ ಎಂದು ಪಂದ್ಯ ಕಟ್ಟುತ್ತೇನೆ.

ಪ್ರಶ್ನೆ: ನನ್ನದೂ ಎಂಜಿಬಿ. 1 ಮತ್ತು 2ನೇ ಪ್ಲಗ್‌ಗಳು ಮಸಿಗಪ್ಪು, 3 ಮತ್ತು 4 ತಿಳಿಗಂದು. ಹೆಡ್ ಗ್ಯಾಸ್ಕೆಟ್ ಹೋಗಿದೆಯೇ?

ಉತ್ತರ: ಇದಕ್ಕೆ ಹೆಡ್ ಬಿಚ್ಚಬೇಡಿ. 1 ಮತ್ತು 2ನೇ ಸಿಲಿಂಡರ್‌ಗಳಿಗೆ ಪೆಟ್ರೋಲ್ ಕೊಡುವುದು ಮುಂಭಾಗದ ಕಾರ್ಬ್ಯುರೇಟರ್. ಅದು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ಫ್ಲೋಟ್ ಸೋರುತ್ತಿದೆಯೇ, ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿದೆಯೇ, ಚೋಕ್ ಒಳತಳ್ಳಿದಾಗ ಜೆಟ್ ಪೂರ್ತಿ ಮೇಲೇರುತ್ತಿದೆಯೇ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳ ಕಂಪ್ರೆಷನ್ ಒಟ್ಟಿಗೆ ಕುಸಿದಿದ್ದರೆ ಮಾತ್ರ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ.