ಕಾರವಾರದ ಸೆಕೆಯಲ್ಲಿ ಚೌತಿಗೆ ಮನೆಯಲ್ಲೇ ಯಾವ ಜಡೆ, ಯಾವ ತುರುಬು ಹಾಕಿಕೊಳ್ಳಬಹುದು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ: ಕಾರವಾರಕ್ಕೆ ಬಂದು ಒಂದು ವರ್ಷವಾಗಿದೆ. ಚೌತಿಯ ಮೂರು ದಿನ ಮೂರು ಥರ ತಲೆ ಕಟ್ಟಿಕೊಳ್ಳುವ ಆಸೆ, ಪಾರ್ಲರ್ ಬೇಡ. ಕೂದಲು ಭುಜದಿಂದ ಒಂದು ಗೇಣು ಕೆಳಗಿದೆ. ಏನು ಮಾಡಿದರೂ ಮಧ್ಯಾಹ್ನಕ್ಕೆ ಉಬ್ಬಿಕೊಳ್ಳುತ್ತದೆ. ಕೂದಲು ನೇರ ಮಾಡುವ ಐರನ್ ಮೆಷಿನ್ ತಗೊಳ್ಳಲಾ ಎಂದು ಕೇಳಿದ್ದೀರಿ.

ಬೇಡ. ನಾನು ಕುಮಟಾದವಳು, ಈ ಪಾಠ ದುಡ್ಡು ಕೊಟ್ಟು ಕಲಿತವಳು. ಅಂಕೋಲೆಯಲ್ಲಿ ಅತ್ತೆ ಮಗಳ ಮದುವೆಗೆಂದು ಬೆಳಿಗ್ಗೆಯೇ ಕೂದಲನ್ನು ನೇರ ಮಾಡಿಸಿಕೊಂಡು ಬಸ್ ಹತ್ತಿದೆ. ಕಿಟಕಿ ಪಕ್ಕದ ಸೀಟು. ಛತ್ರದಲ್ಲಿ ಇಳಿಯುವಾಗ ನನ್ನ ತಲೆ ತೆಂಗಿನ ನಾರಿನ ಹಾಗಿತ್ತು. ಆಯಿ ಒಂದೂ ಮಾತಾಡದೆ ಚೀಲದಿಂದ ಬಾಚಣಿಗೆ ತೆಗೆದಳು. ಅದೇ ಜಾಸ್ತಿ ನೋವಾಯಿತು.

ಕಾರಣ ಸರಳ. ಕೂದಲ ಒಳಗಿನ ಹೈಡ್ರೋಜನ್ ಬಂಧಗಳು ಬಿಸಿಗೂ ಬಿಡುತ್ತವೆ, ನೀರಿಗೂ ಬಿಡುತ್ತವೆ. ತಣಿದಾಗ, ಒಣಗಿದಾಗ ಆ ಹೊತ್ತಿನ ಆಕಾರದಲ್ಲೇ ಮತ್ತೆ ಕೂಡುತ್ತವೆ. ಐರನ್ ಮಾಡುವ ಕೆಲಸ ಇಷ್ಟೇ. ಆದರೆ ಭಾದ್ರಪದದ ಕಡಲಗಾಳಿಯಲ್ಲಿ ನೀರಿಗೇನು ಬರವೇ? ಆ ತೇವ ಮತ್ತೆ ಬಂಧ ಬಿಡಿಸುತ್ತದೆ, ಕೂದಲು ತನ್ನ ಹಳೇ ಬುದ್ಧಿಗೆ ಮರಳುತ್ತದೆ. ಹಾಗಾಗಿ ನಮ್ಮ ಕಡೆ ಬಿಟ್ಟ ಕೂದಲಿನ ಸ್ಟೈಲ್ ನಂಬುವಂಥದ್ದಲ್ಲ. ಹೆಣೆದದ್ದು, ಸುತ್ತಿದ್ದು ಮಾತ್ರ ನಿಲ್ಲುತ್ತದೆ.

ತಲೆಸ್ನಾನವನ್ನು ಹಿಂದಿನ ದಿನವೇ ಮಾಡಿ. ಹಬ್ಬದ ಬೆಳಿಗ್ಗೆ ತೊಳೆದ ಕೂದಲು ಜಾರುತ್ತದೆ, ಪಿನ್ನು ನಿಲ್ಲುವುದಿಲ್ಲ. ನಾನು ದಾಸವಾಳ ಸೊಪ್ಪಿನ ಗೊಂಪು, ಅಂದರೆ ಲೋಳೆ, ಹಾಕುವವಳು, ಆದರೆ ಹಬ್ಬದ ವಾರ ಹಾಕುವುದಿಲ್ಲ. ಕೂದಲು ತೀರಾ ನುಣುಪಾಗುತ್ತದೆ. ರಾತ್ರಿ ಫ್ಯಾನಿನಡಿ ಪೂರ್ತಿ ಒಣಗಿಸಿ ಮಲಗಿ.

ಮೊದಲ ದಿನ ಅಡುಗೆಮನೆಯೂ ಇದೆ, ಪೂಜೆಯೂ ಇದೆ. ತುರುಬೇ ಸರಿ. ಹಳೇ ಕಪ್ಪು ಕಾಲುಚೀಲದ ತುದಿ ಕತ್ತರಿಸಿ, ಸುರುಳಿ ಸುತ್ತಿ, ಉದ್ದಿನವಡೆ ಥರ ಮಾಡಿಕೊಳ್ಳಿ. ಕೂದಲನ್ನು ಹಿಂದೆ ಎತ್ತಿ ರಬ್ಬರ್ ಹಾಕಿ, ಜುಟ್ಟನ್ನು ಆ ವಡೆಯ ತೂತಿನಿಂದ ಹೊರಗೆಳೆದು ಸುತ್ತಲೂ ಹರಡಿ. ಮೇಲೊಂದು ತೆಳು ರಬ್ಬರ್. ಉಳಿದ ತುದಿಗಳನ್ನು ಸಣ್ಣ ಜಡೆ ಹೆಣೆದು ತುರುಬಿನ ಬುಡಕ್ಕೆ ಸುತ್ತಿ.

ಎಲ್ಲರೂ ತಪ್ಪುವುದು ಪಿನ್ನಿನಲ್ಲಿ. ಯು ಪಿನ್ನನ್ನು ಸೀದಾ ಚುಚ್ಚಿದರೆ ಅರ್ಧ ಗಂಟೆಗೆ ಹೊರಬರುತ್ತದೆ. ಮೊದಲು ತುರುಬಿನ ಅಂಚಿನ ನಾಲ್ಕು ಕೂದಲು ಹಿಡಿಯಬೇಕು, ಆಮೇಲೆ ಪಿನ್ನನ್ನು ತಿರುಗಿಸಿ ತಲೆಯ ಕಡೆ, ತುರುಬಿನ ನಡುವಿನತ್ತ ಒತ್ತಬೇಕು. ಅಂಕುಡೊಂಕಿನ ಹೇರ್ ಪಿನ್ ಆದರೆ ಆ ಡೊಂಕು ಬದಿ ಕೆಳಗೆ, ತಲೆಗೆ ತಾಗುವಂತೆ ಇರಬೇಕು. ನಾನು ಮೂವತ್ತು ವರ್ಷ ಉಲ್ಟಾ ಹಾಕಿದ್ದೆ! ಜಾರುವ ಜಾಗದಲ್ಲಿ ಎರಡು ಪಿನ್ನನ್ನು ಕತ್ತರಿ ಥರ ಅಡ್ಡ ಹಾಕಿ.

ತುರುಬಿಗೆ ಅಬ್ಬಲಿಗೆ, ಅಂದರೆ ಕನಕಾಂಬರದ ದಂಡೆ. ಪರಿಮಳವಿಲ್ಲ ನಿಜ. ಆದರೆ ಹಗುರ, ಸಂಜೆಯವರೆಗೂ ಬಣ್ಣ ಬಿಡುವುದಿಲ್ಲ. ಒದ್ದೆ ಮಲ್ಲಿಗೆ ಮಾಲೆಯ ಭಾರಕ್ಕೆ ಸಣ್ಣ ತುರುಬು ಕುತ್ತಿಗೆಗೆ ಇಳಿಯುತ್ತದೆ. ಶಿರಸಿ ಕಡೆಯ ನೆಂಟರಿದ್ದರೆ ಡೇರೆ (ಡೇಲಿಯಾ) ಹೂವು ತರಿಸಿ. ಮಳೆಗಾಲದಲ್ಲಿ ಘಟ್ಟದ ಮೇಲಿನ ಅಂಗಳಗಳಲ್ಲಿ ಅದರದ್ದೇ ದರ್ಬಾರು. ಒಂದೇ ಒಂದು ಸಾಕು, ತೊಟ್ಟು ಎರಡು ಇಂಚು ಬಿಟ್ಟು ಕಿತ್ತು ತುರುಬಿನ ಬದಿಗೆ ಸಿಕ್ಕಿಸಿ. ಬೇಗ ಬಾಡುತ್ತದೆ, ಹೊರಡುವಾಗ ಮುಡಿದರೆ ಸಾಕು.

ಎರಡನೇ ದಿನ ಮನೆಮನೆಗೆ ಗಣಪತಿ ನೋಡಲು ಹೋಗುತ್ತೀರಲ್ಲ, ಆಗ ನಮ್ಮ ಮನೆಯಲ್ಲಿ ಸಾವಿರ ಕಾಲಿನ ಜಡೆ ಎನ್ನುವುದನ್ನು ಹಾಕಿ. ಈಗಿನ ಹುಡುಗಿಯರಿಗೆ ಅದು ಫಿಶ್‌ಟೇಲ್. ನೋಡಲು ಕಷ್ಟ, ಹೆಣೆಯಲು ಮೂರು ಕಾಲಿನದ್ದಕ್ಕಿಂತ ಸುಲಭ. ಕೂದಲು ಎರಡೇ ಪಾಲು. ಬಲ ಪಾಲಿನ ಹೊರ ಅಂಚಿನಿಂದ ತೆಳ್ಳಗೆ ಒಂದು ಎಳೆ ತೆಗೆದು ಎಡ ಪಾಲಿಗೆ ಸೇರಿಸಿ. ಎಡದಿಂದ ಒಂದು ಎಳೆ ಬಲಕ್ಕೆ. ಮುಗಿಯಿತು, ಇದೇ ಕೊನೆವರೆಗೆ. ಎಳೆ ಎಷ್ಟು ತೆಳುವೋ ಜಡೆ ಅಷ್ಟು ಚಂದ. ಒಂಟಿಯಾಗಿ ಹಾಕಿಕೊಳ್ಳುವಾಗ ಭುಜದ ಮೇಲೆ ಮುಂದೆ ತಂದುಕೊಂಡು ಹೆಣೆಯಿರಿ, ಕೈ ಸೋಲುವುದಿಲ್ಲ. ಹೆಣೆದ ಮೇಲೆ ಅಂಚುಗಳನ್ನು ಮೆಲ್ಲಗೆ ಎಳೆದು ಅಗಲಿಸಿದರೆ ತೆಳ್ಳಗಿನ ಕೂದಲೂ ದಪ್ಪ ಕಾಣುತ್ತದೆ.

ಮೂರನೇ ದಿನ ಮೊಗ್ಗಿನ ಜಡೆ ಮಾಡಲಾ ಎಂದು ಬರೆದಿದ್ದೀರಿ. ನನ್ನ ಕೇಳಿದರೆ ಅದನ್ನು ತುಳಸಿ ಮದುವೆಗೆ ಇಟ್ಟುಕೊಳ್ಳಿ. ಚೌತಿ ಹೊತ್ತಿಗೆ ಮಲ್ಲಿಗೆ ಮೊಗ್ಗಿನ ರೇಟು ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಜೊತೆಗೆ ಮಳೆ. ಮಾಡಲೇಬೇಕೆಂದರೆ ಚೌರಿ ಬೇಕು, ನಿಮ್ಮಷ್ಟು ಕೂದಲಿಗೆ ಜಡೆ ಉದ್ದ ಬರುವುದಿಲ್ಲ. ಚೌರಿಯ ಮೂರು ಕಾಲುಗಳನ್ನು ನಿಮ್ಮ ಮೂರು ಕಾಲುಗಳಿಗೆ ಒಂದೊಂದಾಗಿ ಸೇರಿಸಿ ಹೆಣೆಯಿರಿ. ಮೊಗ್ಗನ್ನು ತಲೆಯ ಮೇಲೆ ಪೋಣಿಸಲು ಹೋಗಬೇಡಿ. ರಟ್ಟಿನ ಪಟ್ಟಿಗೆ ಕಪ್ಪು ಬಟ್ಟೆ ಸುತ್ತಿ, ಹಿಂದಿನ ದಿನವೇ ಅದರ ಮೇಲೆ ಸಾಲಾಗಿ ಹೊಲಿದು, ಬಾಳೆಲೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಮಲ್ಲಿಗೆ ಸಂಜೆಗೆ ಅರಳುವ ಹೂವು. ಗಟ್ಟಿ ಮೊಗ್ಗನ್ನೇ ತಂದು ಬೇಗ ಹೊಲಿದರೆ ಒಳ್ಳೆಯದು.

ಅದರ ಬದಲು ಗಣಪತಿ ಬಿಡುವ ದಿನಕ್ಕೆ ಎರಡು ಜಡೆ ಹೆಣೆದು, ಹಿಂದೆ ಒಂದನ್ನೊಂದು ದಾಟಿಸಿ, ತುದಿಗಳನ್ನು ಒಳಗೆ ಮಡಚಿ ಪಿನ್ನು ಹಾಕಿ. ಮಳೆ ಬಂದರೂ ಚಿಂತೆಯಿಲ್ಲ, ಕಡಲಂಚಿನ ಗಾಳಿಗೂ ಹೆದರುವುದಿಲ್ಲ. ನನ್ನ ಮಗಳಿಗೆ ಪ್ರತಿ ವರ್ಷ ಇದೇ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋಗುವಾಗಲೂ ಇದೇ. ಆ ಜನಜಂಗುಳಿಯಲ್ಲಿ ನೇತಾಡುವ ಜಡೆ ಯಾರದ್ದೋ ಚೀಲದ ಜಿಪ್‌ಗೆ ಸಿಕ್ಕಿ ಅವಳು ಅತ್ತಿದ್ದು ನನಗೆ ಮರೆತಿಲ್ಲ.

ಹೇರ್ ಸ್ಪ್ರೇ ಹೊಡೆಯುವುದಾದರೆ ದೇವರ ಕೋಣೆಯಿಂದ ದೂರ, ದೀಪ ಹಚ್ಚುವ ಮೊದಲೇ ಹೊಡೆಯಿರಿ. ಅದು ಬೆಂಕಿ ಹಿಡಿಯುವ ವಸ್ತು. ಆರತಿ ತಟ್ಟೆಗೆ ಬಗ್ಗುವುದು ನಾವೇ ತಾನೇ. ಮುಂಗುರುಳು ಕೂರಿಸಲು ಅಂಗೈಗೆ ಎರಡು ಹನಿ ತೆಂಗಿನೆಣ್ಣೆ ಸವರಿಕೊಂಡು ಒತ್ತಿದರೆ ನನಗೆ ಸಾಕಾಗುತ್ತದೆ.

ರಾತ್ರಿ ಎಷ್ಟೇ ದಣಿದಿದ್ದರೂ ಬಿಚ್ಚಿ ಮಲಗಿ. ದಿನಾ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಉದುರುತ್ತದೆ. ಪಿನ್ನು ತೆಗೆಯುವಾಗ ಎಣಿಸಿ. ಒಂದು ಕಡಿಮೆ ಬಂದರೆ ದಿಂಬಿನ ಮೇಲೆ ತಲೆ ಇಟ್ಟಾಗ ಅದೇ ಸಿಗುತ್ತದೆ.