80 ಸಾವಿರ ರೂಪಾಯಿಯಲ್ಲಿ ಗ್ಯಾಲಕ್ಸಿ, ನೆಬ್ಯುಲಾಗಳ ಫೋಟೊ ತೆಗೆಯಲು ಯಾವ ಟೆಲಿಸ್ಕೋಪ್ ಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಊರು ತುಮಕೂರು, ಕೈಯಲ್ಲಿ ಕ್ಯಾನನ್ 700ಡಿ ಕ್ಯಾಮೆರಾ ಇದೆ, ಕೂಡಿಟ್ಟ ದುಡ್ಡು 80 ಸಾವಿರ, ಆಂಡ್ರೊಮೀಡಾ ಗ್ಯಾಲಕ್ಸಿಯನ್ನೂ ಓರಿಯನ್ ನೆಬ್ಯುಲಾವನ್ನೂ (ಅನಿಲ, ಧೂಳಿನ ಹೊಳೆಯುವ ಮೋಡ) ನೀವೇ ಕಲಿತು ಸೆರೆಹಿಡಿಯುವ ಆಸೆ. ಸರಳ ಪೀಠದ ಮೇಲೆ ಕೂರುವ 8 ಇಂಚಿನ ಡಾಬ್ಸೋನಿಯನ್ ತೊಗೊಳ್ಳಲೋ, ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಸ್ಟ್ಯಾಂಡ್) ಸಮೇತ ಸಿಗುವ 5 ಇಂಚಿನ ನ್ಯೂಟೋನಿಯನ್ ತೊಗೊಳ್ಳಲೋ ಅನ್ನುವ ಗೊಂದಲ. ಎರಡೂ ಕನ್ನಡಿಯ ಟೆಲಿಸ್ಕೋಪುಗಳೇ.

ಈ ಕೆಲಸಕ್ಕೆ ಎರಡೂ ಬೇಡ. ದುಡ್ಡಿನ ದೊಡ್ಡ ಪಾಲು ಮೌಂಟಿಗೆ ಹೋಗಲಿ. ಮೊದಲ ವರ್ಷ ಟೆಲಿಸ್ಕೋಪೇ ಇಲ್ಲದೆ, ಕ್ಯಾಮೆರಾ ಲೆನ್ಸಿನಲ್ಲೇ ತೆಗೆಯಿರಿ. ಕೇಳಿದ್ದು ಟೆಲಿಸ್ಕೋಪ್, ಇವರು ಹೇಳುತ್ತಿರುವುದು ಬೇರೇನೋ ಅನ್ನಿಸಬಹುದು. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ.

ಭೂಮಿ ತಿರುಗುವುದರಿಂದ ಆಕಾಶ ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು ಸರಿಯುತ್ತದೆ. ಒಂದು ಡಿಗ್ರಿ ಅಂದರೆ 3600 ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800. ಹಾಗಾಗಿ ಬರಿಗಣ್ಣಿಗೆ ಈ 15 ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಮೆರಾ ಸೆನ್ಸರಿಗೆ ಬರುತ್ತದೆ. ನಿಮ್ಮ 700ಡಿಯ ಒಂದು ಪಿಕ್ಸೆಲ್ 4.3 ಮೈಕ್ರಾನ್. ಅದನ್ನು 206ರಿಂದ ಗುಣಿಸಿ, ಲೆನ್ಸಿನಿಂದ ಅಥವಾ ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರದ, ಅಂದರೆ ಫೋಕಲ್ ಲೆಂತ್‌ನ ಮಿಲಿಮೀಟರುಗಳಿಂದ ಭಾಗಿಸಿದರೆ, ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಆಕಾಶವನ್ನು ಹಿಡಿಯುತ್ತದೆ ಎಂದು ತಿಳಿಯುತ್ತದೆ. 5 ಇಂಚಿನ ನ್ಯೂಟೋನಿಯನ್ ಸಾಮಾನ್ಯವಾಗಿ 650 ಮಿ.ಮೀ. ಇರುತ್ತದೆ, ಅಂದರೆ ಪಿಕ್ಸೆಲ್‌ಗೆ ಸುಮಾರು 1.4 ಆರ್ಕ್‌ಸೆಕೆಂಡ್. ಟೆಲಿಸ್ಕೋಪ್ ಅಲುಗಾಡದೆ ನಿಂತಿದ್ದರೆ ಓರಿಯನ್ ಪಟ್ಟಿಯ (ಸಾಲಾಗಿ ಕಾಣುವ ಮೂರು ನಕ್ಷತ್ರಗಳ ಗುಂಪು) ನಕ್ಷತ್ರವೊಂದು ಒಂದೇ ಸೆಕೆಂಡಿನಲ್ಲಿ 11 ಪಿಕ್ಸೆಲ್ ಉದ್ದದ ಗೆರೆಯಾಗಿಬಿಡುತ್ತದೆ. ನಮಗೆ ಬೇಕಾದದ್ದು ನಿಮಿಷಗಟ್ಟಲೆಯ ಎಕ್ಸ್‌ಪೋಷರ್, ಒಂದಲ್ಲ, ನೂರಾರು. ಅಷ್ಟೂ ಹೊತ್ತು ಒಂದೆರಡು ಪಿಕ್ಸೆಲ್ ಕೂಡ ಆಚೀಚೆ ಆಗದಂತೆ ಆಕಾಶದ ಜತೆ ನಿಧಾನವಾಗಿ ತಿರುಗಬೇಕಾದದ್ದು ಮೌಂಟ್. ಕೊಳವೆಯೊಳಗಿನ ಕನ್ನಡಿ ಎಷ್ಟೇ ಚೆನ್ನಾಗಿದ್ದರೂ ಕೆಳಗಿನ ಯಂತ್ರ ತಡವರಿಸಿದರೆ ಸಿಗುವುದು ಗೆರೆಗಳೇ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನಾನು ಮೊದಲು ಕೊಂಡದ್ದು ಇಂಥದ್ದೇ 130 ಮಿ.ಮೀ. ನ್ಯೂಟೋನಿಯನ್. ಜತೆಗೆ ತೆಳ್ಳನೆ ಅಲ್ಯೂಮಿನಿಯಂ ಕಾಲುಗಳ ಈಕ್ವಟೋರಿಯಲ್ ಮೌಂಟ್, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವಂಥದ್ದು. ಮೊದಲ ರಾತ್ರಿಯೇ ತೊಂದರೆ: ಕ್ಯಾಮೆರಾ ಹಾಕಿದರೆ ಚಂದ್ರ ಕೂಡ ಫೋಕಸ್ಸಿಗೆ ಬರಲಿಲ್ಲ. ಫೋಕಸರ್ ಪೂರ್ತಿ ಒಳಗೆ ತಳ್ಳಿದರೂ ಬಿಂಬ ಇನ್ನೂ ಒಳಗೇ ಉಳಿಯುತ್ತಿತ್ತು. ಕಣ್ಣಿಗಾಗಿ ಮಾಡಿದ ಎಷ್ಟೋ ನ್ಯೂಟೋನಿಯನ್‌ಗಳ ಸಮಸ್ಯೆ ಇದು. ಕಣ್ಣಿಡುವ ಐಪೀಸ್‌ಗೆ ಸಾಕಾಗುವ ಜಾಗ ಡಿಎಸ್‌ಎಲ್‌ಆರ್‌ಗೆ ಸಾಲುವುದಿಲ್ಲ. ಬಾರ್ಲೋ ಲೆನ್ಸ್ ಸಿಕ್ಕಿಸಿದರೆ ಫೋಕಸ್ ಬರುತ್ತದೆ, ಆದರೆ ಫೋಕಲ್ ಲೆಂತ್ ಎರಡು ಪಟ್ಟಾಗುತ್ತದೆ, ಮೊದಲೇ ತಡವರಿಸುವ ಮೌಂಟಿನ ಪಾಡು ಕೇಳುವುದೇ ಬೇಡ. ಗಾಳಿ ಬೀಸಿದರೆ ನಡುಕ, ಶಟರ್ ಬಿದ್ದರೆ ನಡುಕ. ಎರಡು ಚಳಿಗಾಲ ಹಾಗೇ ಹೋದವು. ಕೊಳ್ಳುವಾಗ ಯಾರೂ ಇದನ್ನು ಹೇಳಿರಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಇನ್ನೊಂದು ಆಯ್ಕೆಯಾದ 8 ಇಂಚಿನ ಡಾಬ್ಸೋನಿಯನ್ ಬಗ್ಗೆ ನನಗೆ ಅಪಾರ ಗೌರವ. ಕಣ್ಣಿಟ್ಟು ನೋಡುವುದಕ್ಕೆ ಆ ಬೆಲೆಗೆ ಅದಕ್ಕಿಂತ ಒಳ್ಳೆಯದು ಸಿಗದು. ಶನಿಯ ಬಳೆ, ಗುರುವಿನ ಪಟ್ಟೆಗಳು, ಚಂದ್ರನ ಕುಳಿಗಳನ್ನು ವಿಡಿಯೋ ಮಾಡಿ, ಸಾವಿರಾರು ಫ್ರೇಮುಗಳಲ್ಲಿ ಚೊಕ್ಕವಾದವನ್ನು ಆಟೋಸ್ಟ್ಯಾಕರ್ಟ್ ಎಂಬ ತಂತ್ರಾಂಶದಿಂದ ಆರಿಸಿ ಜೋಡಿಸಿದರೆ ಬಹಳ ಸೊಗಸಾದ ಚಿತ್ರಗಳು ಬರುತ್ತವೆ. ಗ್ರಹಗಳು ಪ್ರಕಾಶಮಾನ, ಅಲ್ಲಿ ಎಕ್ಸ್‌ಪೋಷರ್ ಮಿಲಿಸೆಕೆಂಡುಗಳ ಲೆಕ್ಕ. ಆದರೆ ನೀವು ಕೇಳಿದ್ದು ಆಂಡ್ರೊಮೀಡಾ. ಅದು ಆಕಾಶದಲ್ಲಿ ಸುಮಾರು 3 ಡಿಗ್ರಿ ಉದ್ದ ಚಾಚಿಕೊಂಡಿದೆ, ಅಂದರೆ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು! ಈ ಡಾಬ್ಸೋನಿಯನ್‌ನ ಫೋಕಲ್ ಲೆಂತ್ 1200 ಮಿ.ಮೀ. ಆಸುಪಾಸು, ನಿಮ್ಮ ಕ್ಯಾಮೆರಾ ಹಾಕಿದರೆ ಕಾಣುವುದು ಒಂದು ಡಿಗ್ರಿ ಅಗಲದ ಕಿಂಡಿ. ಗ್ಯಾಲಕ್ಸಿಯ ನಡುಭಾಗ ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಹೊಸಬರು ದೊಡ್ಡ ಟೆಲಿಸ್ಕೋಪ್ ಬೇಕು ಅನ್ನುತ್ತಾರೆ, ಆದರೆ ಅವರಿಗೆ ಬೇಕಾದ ವಸ್ತುಗಳೇ ದೊಡ್ಡವು; ಅವು ಮಂಕಾಗಿವೆ ಅಷ್ಟೆ.

ಹಾಗಾದರೆ ಕೊಳ್ಳುವುದೇನು? ಸ್ಟಾರ್ ಟ್ರ್ಯಾಕರ್ ಅಂತ ಕರೆಯುವ ಪುಟ್ಟ ಈಕ್ವಟೋರಿಯಲ್ ಮೌಂಟ್. ಸ್ಕೈ-ವಾಚರ್‌ನ ಸ್ಟಾರ್ ಅಡ್ವೆಂಚರರ್, ಐಆಪ್ಟ್ರಾನ್‌ನ ಸ್ಕೈಗೈಡರ್ ಪ್ರೊ ಈ ಜಾತಿಯವು. 5 ಕಿಲೋ ಹೊರುತ್ತವೆ ಎಂದು ಕಂಪನಿಗಳು ಹೇಳುತ್ತವೆ. ಕಣ್ಣಿಗಾದರೆ ಅಷ್ಟೂ ಹೇರಬಹುದು, ಫೋಟೊಗಾದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೇರಿ ನಿಲ್ಲಿಸಿ. ಇದರ ಮೇಲೆ ನಿಮ್ಮ ಕ್ಯಾಮೆರಾ, ಅದಕ್ಕೊಂದು 135 ಅಥವಾ 200 ಮಿ.ಮೀ. ಲೆನ್ಸ್, ಹಳೆಯ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. 200 ಮಿ.ಮೀ.ನಲ್ಲಿ ಚೌಕಟ್ಟು 6 ಡಿಗ್ರಿಗೂ ಹೆಚ್ಚು ಅಗಲ, ಆಂಡ್ರೊಮೀಡಾ ಆರಾಮಾಗಿ ಕೂರುತ್ತದೆ. ಪಿಕ್ಸೆಲ್‌ಗೆ 4.4 ಆರ್ಕ್‌ಸೆಕೆಂಡ್ ಬೀಳುವುದರಿಂದ ಮೌಂಟಿನ ಸಣ್ಣಪುಟ್ಟ ತಪ್ಪುಗಳು ಚಿತ್ರದಲ್ಲಿ ಕಾಣುವುದೂ ಇಲ್ಲ. ಕೈ ಕುದುರಿದ ಮೇಲೆ ಅದೇ ಮೌಂಟಿಗೆ 60ರಿಂದ 72 ಮಿ.ಮೀ.ನ ಚಿಕ್ಕ ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪ್) ಸೇರಿಸಿ. ಅದರಲ್ಲಿ ಬಣ್ಣಗಳನ್ನು ಕಡಿಮೆ ಚದುರಿಸುವ ಇ.ಡಿ. (ED) ಗಾಜು ಇರಲೇಬೇಕು, ಇಲ್ಲವಾದರೆ ಬೆಳಗುವ ಪ್ರತಿ ನಕ್ಷತ್ರಕ್ಕೂ ನೇರಳೆ ಬಣ್ಣದ ಪ್ರಭೆ ಅಂಟಿಕೊಳ್ಳುತ್ತದೆ. ಜತೆಗೆ ಮೂಲೆಯ ನಕ್ಷತ್ರಗಳನ್ನೂ ಚುಕ್ಕಿಯಾಗಿಸುವ ಫೀಲ್ಡ್ ಫ್ಲಾಟನರ್ ಲೆನ್ಸ್ ತೊಗೊಳ್ಳಿ; ಬಹುತೇಕ ಫ್ಲಾಟನರ್‌ಗಳು ಸೆನ್ಸರ್‌ನಿಂದ 55 ಮಿ.ಮೀ. ದೂರದಲ್ಲಿ ಇರಬೇಕು, ಕ್ಯಾನನ್ ಬಾಡಿಯ 44 ಮತ್ತು ಅದನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್‌ನ 11 ಸೇರಿ ಅಷ್ಟೇ ಆಗುತ್ತದೆ. "525 ಪಟ್ಟು ದೊಡ್ಡದಾಗಿ ಕಾಣುತ್ತದೆ" ಎಂದು ಡಬ್ಬದ ಮೇಲೆ ಬರೆದಿರುವ ಯಾವುದನ್ನೂ ಮುಟ್ಟಬೇಡಿ.

ಸೀಸ್ಟಾರ್ ಎಸ್50 ಥರದ ಸ್ಮಾರ್ಟ್ ಟೆಲಿಸ್ಕೋಪುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 50 ಮಿ.ಮೀ. ಲೆನ್ಸ್, 250 ಮಿ.ಮೀ. ಫೋಕಲ್ ಲೆಂತ್, ಒಳಗೇ ಸೆನ್ಸರ್, ಎರಡೂವರೆ ಕಿಲೋ ತೂಕ. ಫೋನಿನಲ್ಲಿ ಹೆಸರು ಒತ್ತಿದರೆ ತಾನೇ ಹುಡುಕಿ, ತಾನೇ ಫೋಕಸ್ ಮಾಡಿ, ತಾನೇ ಚಿತ್ರಗಳನ್ನು ಪೇರಿಸುತ್ತದೆ, ಅಂದರೆ ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡುತ್ತದೆ. ನಗರದ ಮಾಳಿಗೆಯಿಂದಲೂ ಓರಿಯನ್ ನೆಬ್ಯುಲಾ ಚೆನ್ನಾಗಿ ಬರುತ್ತದೆ. ಮನೆಯ ಮಕ್ಕಳಿಗೆ, ವಯಸ್ಸಾದವರಿಗೆ ತೋರಿಸುವ ಆಸೆಯಿದ್ದರೆ ನಿಸ್ಸಂಕೋಚವಾಗಿ ಅದನ್ನೇ ಕೊಳ್ಳಿ. ನಿಮ್ಮ ಪ್ರಶ್ನೆಯಲ್ಲಿ "ನಾನೇ ಕಲಿತು ತೆಗೆಯಬೇಕು" ಅಂತ ಇತ್ತು, ಆ ಒಂದು ಮಾತಿಗಾಗಿ ನಾನು ಟ್ರ್ಯಾಕರ್ ಕಡೆಗೆ ವಾಲುತ್ತಿದ್ದೇನೆ.

ಇನ್ನು ನಮ್ಮ ಭಾಗದವರಿಗೆ ಮಾತ್ರ ಎದುರಾಗುವ ಒಂದು ಕಷ್ಟ. ಈಕ್ವಟೋರಿಯಲ್ ಮೌಂಟಿನ ಅಕ್ಷವನ್ನು ಉತ್ತರ ಧ್ರುವದ ಕಡೆ ಹೊಂದಿಸಬೇಕು. ಯುರೋಪ್, ಅಮೆರಿಕದವರ ವಿಡಿಯೋಗಳಲ್ಲಿ ಧ್ರುವ ನಕ್ಷತ್ರ ನಡುಆಕಾಶದಲ್ಲಿ ಇರುತ್ತದೆ, ಅವರು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ತುಮಕೂರಿನ ಅಕ್ಷಾಂಶ 13 ಡಿಗ್ರಿ ಚಿಲ್ಲರೆ, ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯಷ್ಟು, ಅದರ ಮೇಲೆ ಒಂದೆರಡು ಬೆರಳು. ತೆಂಗಿನ ಮರ, ಪಕ್ಕದ ಮನೆಯ ನೀರಿನ ಟ್ಯಾಂಕ್, ದಿಗಂತದ ಧೂಳು, ಯಾವುದಾದರೂ ಒಂದು ಅದನ್ನು ಮುಚ್ಚಿರುತ್ತದೆ. ಹಾಗಾಗಿ ಉತ್ತರ ದಿಕ್ಕು ತೆರೆದಿರುವ ಜಾಗವನ್ನು ಹಗಲಲ್ಲೇ ಗುರುತು ಮಾಡಿಕೊಳ್ಳಿ. ಧ್ರುವ ಕಾಣದಿದ್ದರೆ ಕೈ ಚೆಲ್ಲಬೇಕಿಲ್ಲ: ಲ್ಯಾಪ್‌ಟಾಪ್ ಜೋಡಿಸಿದರೆ ಎನ್.ಐ.ಎನ್.ಎ. ಎಂಬ ಉಚಿತ ತಂತ್ರಾಂಶ ಆಕಾಶದ ಬೇರೆ ಕಡೆ ಮೂರು ಚಿತ್ರ ತೆಗೆದು, ಅಕ್ಷ ಎಷ್ಟು ತಪ್ಪಿದೆ ಎಂದು ಹೇಳಿಬಿಡುತ್ತದೆ. ಮುಂದೆ ದೊಡ್ಡ ಮೌಂಟ್ ಕೊಂಡರೆ ಇನ್ನೊಂದು ತೊಡಕು: ಅಕ್ಷ ಇಷ್ಟು ಮಲಗಿದಾಗ ತೂಕ ಸರಿದೂಗಿಸುವ ಕೌಂಟರ್‌ವೇಟ್ ಟ್ರೈಪಾಡಿನ ಉತ್ತರದ ಕಾಲಿಗೆ ತಾಗುತ್ತದೆ. ಎರಡು ಕಾಲುಗಳ ನಡುವಿನ ಜಾಗ ಉತ್ತರಕ್ಕೆ ಬರುವಂತೆ ತಿರುಗಿಸಿ ಕೂರಿಸಬಹುದೇ, ಇಲ್ಲವೇ ನಡುವೆ ಎತ್ತರಿಸುವ ಕಂಬ ಸಿಗುತ್ತದೆಯೇ ಅಂತ ಕೊಳ್ಳುವ ಮುಂಚೆ ಕೇಳಿ.

ಬಳಸುವ ವಿಷಯಕ್ಕೆ ಬಂದರೆ, ಫೋಕಸ್ ಕೈಯಿಂದಲೇ ಮಾಡಿ. ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ ರೋಹಿಣಿಯಂಥ ಹೊಳೆಯುವ ನಕ್ಷತ್ರವನ್ನು ಸಾಧ್ಯವಾದಷ್ಟು ಸಣ್ಣ ಚುಕ್ಕಿ ಮಾಡಿ, ಲೆನ್ಸಿನ ರಿಂಗ್ ಜರುಗದಂತೆ ಟೇಪ್ ಅಂಟಿಸಿ. ರಾತ್ರಿ ತಣ್ಣಗಾದಂತೆ ಫೋಕಸ್ ಸರಿಯುತ್ತದೆ, ಗಂಟೆಗೊಮ್ಮೆ ನೋಡಿ. ಐಎಸ್‌ಒ 800 ಅಥವಾ 1600, ಒಂದೊಂದು ನಿಮಿಷದ ಎಕ್ಸ್‌ಪೋಷರ್, ಕಡಿಮೆಯೆಂದರೆ ನೂರು. ನೂರು ಚಿತ್ರ ಪೇರಿಸಿದರೆ ಒಂದೇ ಚಿತ್ರದಲ್ಲಿ ಇರುವುದಕ್ಕಿಂತ ಗುಣಮಟ್ಟ ಹತ್ತು ಪಟ್ಟು ಏರುತ್ತದೆ, ನಾನೂರಕ್ಕೆ ಇಪ್ಪತ್ತು ಪಟ್ಟು; ವರ್ಗಮೂಲದ ಲೆಕ್ಕ ಇದು. ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸಮಯಕ್ಕೆ, ಸೆನ್ಸರಿನದೇ ಚುಕ್ಕೆಗಳನ್ನು ಕಳೆಯಲು, ಇಪ್ಪತ್ತು ಡಾರ್ಕ್ ಫ್ರೇಮ್. ಬೆಳಗಿನ ಜಾವ ಲೆನ್ಸಿಗೆ ಬಿಳಿ ಪಂಚೆ ಬಿಗಿದು ಆಕಾಶದ ಕಡೆ ಹಿಡಿದು ಇಪ್ಪತ್ತು ಫ್ಲಾಟ್ ಫ್ರೇಮ್. ಮೂಲೆ ಕಪ್ಪಾಗುವುದು, ಧೂಳಿನ ಕಲೆ ಎಲ್ಲ ಇದರಿಂದ ಹೋಗುತ್ತವೆ. ಪೇರಿಸಲು ಡೀಪ್‌ಸ್ಕೈಸ್ಟ್ಯಾಕರ್, ಮುಂದಿನ ಕೆಲಸಕ್ಕೆ ಸಿರಿಲ್, ಎರಡೂ ಉಚಿತ ತಂತ್ರಾಂಶಗಳು.

ಬಣ್ಣದ ಬಗ್ಗೆ ಒಂದು ಮಾತು. ಹೈಡ್ರೋಜನ್ ನೆಬ್ಯುಲಾಗಳ ಕೆಂಪು ಬೆಳಕು 656 ನ್ಯಾನೊಮೀಟರಿನದು, ನಿಮ್ಮ ಕ್ಯಾಮೆರಾದ ಒಳಗಿರುವ ಫಿಲ್ಟರ್ ಅದರಲ್ಲಿ ಬಹುಪಾಲನ್ನು ತಡೆದುಬಿಡುತ್ತದೆ. ಹಾಗಾಗಿ ಕುದುರೆತಲೆ ನೆಬ್ಯುಲಾದ ಹಿಂದೆ ಈಗಲೇ ಬೀಳಬೇಡಿ. ಆಂಡ್ರೊಮೀಡಾ, ಕೃತ್ತಿಕೆಯ ನೀಲಿ ಮಂಜು, ಓರಿಯನ್ ನೆಬ್ಯುಲಾದ ಬೆಳಗುವ ನಡುಭಾಗ ಈ ಕ್ಯಾಮೆರಾಕ್ಕೆ ಸಲೀಸು.

ಜಾಗಕ್ಕೆ ನೀವು ಪುಣ್ಯವಂತರು. ಬೆಂಗಳೂರಿನ ಬೆಳಕಿನಿಂದ ತಪ್ಪಿಸಿಕೊಳ್ಳಲು ನಾನು ಮೂರು ಗಂಟೆ ಗಾಡಿ ಓಡಿಸುತ್ತೇನೆ, ನಿಮ್ಮ ಜಿಲ್ಲೆಯಲ್ಲೇ ಪಾವಗಡ ಇದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಎಂದೇ ಅಲ್ಲಿ 2 ಸಾವಿರ ಮೆಗಾವಾಟಿನ ಸೌರ ಪಾರ್ಕ್ ಬಂದದ್ದು. ಹಗಲು ಮೋಡವಿಲ್ಲದ ಸೀಮೆ ರಾತ್ರಿ ನಮ್ಮದು. ಪಾರ್ಕಿನ ದೀಪಗಳಿಂದ ದೂರ, ಪರಿಚಯದವರ ಹೊಲದಲ್ಲಿ ಅನುಮತಿ ಕೇಳಿ ಕೂರಿ. ಹಿರಿಯೂರು, ಚಳ್ಳಕೆರೆಯ ಬಯಲೂ ಹಾಗೇ. ಮಲೆನಾಡು ಇನ್ನೂ ಕತ್ತಲು, ಆದರೆ ಅಲ್ಲಿ ಮೋಡ ಮತ್ತು ತೇವ ಬಿಡುವುದಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗಿನ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ನಮ್ಮ ಸುಗ್ಗಿ. ಡಿಸೆಂಬರ್, ಜನವರಿಯಲ್ಲಿ ನಡುರಾತ್ರಿ ದಾಟಿದರೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಪವರ್‌ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿ ಸಿಗುತ್ತದೆ, ಮರೆಯದೆ ಕಟ್ಟಿ.

ಧ್ರುವ ನಕ್ಷತ್ರ ತಗ್ಗಿನಲ್ಲಿದ್ದರೆ ನಮಗೊಂದು ಲಾಭವೂ ಇದೆ: ದಕ್ಷಿಣದ ಆಕಾಶ ನಮಗೆ ಎದ್ದು ಬರುತ್ತದೆ. ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ, ಒಂದು ಕೋಟಿಯಷ್ಟು ನಕ್ಷತ್ರಗಳು ಹುಣ್ಣಿಮೆ ಚಂದ್ರನಷ್ಟು ಅಗಲದಲ್ಲಿ ಒತ್ತೊತ್ತಾಗಿ ತುಂಬಿರುವುದು, ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ತುಮಕೂರಿನಿಂದ ಅದು ದಕ್ಷಿಣ ದಿಗಂತದ ಮೇಲೆ 29 ಡಿಗ್ರಿವರೆಗೆ ಏರುತ್ತದೆ. ಕರೀನಾ ನೆಬ್ಯುಲಾ 17 ಡಿಗ್ರಿ ಬರುತ್ತದೆ. ಓರಿಯನ್ ನೆಬ್ಯುಲಾಕ್ಕಿಂತ ದೊಡ್ಡದು, ಮಾರ್ಚ್ ರಾತ್ರಿಗಳಲ್ಲಿ 10 ಗಂಟೆಯ ಮೇಲೆ ನೋಡಿ. ಒಮೆಗಾ ಸೆಂಟಾರಿಗೆ ಏಪ್ರಿಲ್ ನಡುರಾತ್ರಿ, ಇಲ್ಲವೇ ಮುಂಗಾರು ಮೋಡ ಕಟ್ಟುವ ಮೊದಲು ಮೇ ತಿಂಗಳ 10 ಗಂಟೆ. ಅದು ನಕ್ಷತ್ರಗಳ ಗುಚ್ಛವಾದ್ದರಿಂದ ಕ್ಯಾಮೆರಾದ ಫಿಲ್ಟರ್ ಅಡ್ಡ ಬರುವುದಿಲ್ಲ. ನಿಮ್ಮ 200 ಮಿ.ಮೀ. ಲೆನ್ಸ್, ಅರ್ಧ ನಿಮಿಷದ ಎಕ್ಸ್‌ಪೋಷರ್‌ಗಳು ಸಾಕು.

ದುಡ್ಡು ಕೊಡುವ ಮೊದಲು ಒಂದು ರಾತ್ರಿ ಇದನ್ನು ಮಾಡಿ. ಇರುವ ಟ್ರೈಪಾಡ್ ಮೇಲೆ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಎಫ್/2.8, ಐಎಸ್‌ಒ 1600, 4 ಸೆಕೆಂಡಿನ ಮುನ್ನೂರು ಚಿತ್ರಗಳು, ಓರಿಯನ್ ಪಟ್ಟಿಯ ಕಡೆಗೆ. ನಕ್ಷತ್ರಗಳು ಚೌಕಟ್ಟಿನಿಂದ ಆಚೆ ಹೋಗುವ ಮುಂಚೆ ಕ್ಯಾಮೆರಾವನ್ನು ಆಗಾಗ ಸ್ವಲ್ಪ ಪಶ್ಚಿಮಕ್ಕೆ ಸರಿಸುತ್ತಿರಿ. ಸಿರಿಲ್‌ನಲ್ಲಿ ಪೇರಿಸಿ ತೆರೆದಾಗ ಪಟ್ಟಿಯ ಕೆಳಗೆ ಗುಲಾಬಿ ಬಣ್ಣದ ಸಣ್ಣ ಹಕ್ಕಿಯೊಂದು ರೆಕ್ಕೆ ಬಿಚ್ಚಿದಂತೆ ಕಾಣುತ್ತದೆ. ಅದು 1300 ಬೆಳಕಿನ ವರ್ಷ ದೂರದ ಓರಿಯನ್ ನೆಬ್ಯುಲಾ.